ಜನೆಲ್ ಎಲ್ಲಿಂದ ಬಂತು? ಗಲೀಶಿಯದ ‘ಶನೆಲ’ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳೆದದ್ದು ಮಂಗಳೂರಿನ ಕಡೆ. ಪಕ್ಕದ ಮನೆಯವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಜೂನ್ ತಿಂಗಳಲ್ಲಿ ಗಾಳಿ ಮಳೆ ಒಟ್ಟಿಗೆ ಶುರುವಾದರೆ ಸಾಕು, ಅಲ್ಲಿನ ಬಾಯಮ್ಮ ಅಡುಗೆಮನೆಯಿಂದಲೇ ಮಗನಿಗೆ ‘ಜನೆಲ್ ಧಾಂಪ್!’ ಎಂದು ಕೂಗುತ್ತಿದ್ದರು. ಕಿಟಕಿ ಹಾಕು ಅಂತ. ಆ ಕೂಗು ಕೇಳಿದ ಕೂಡಲೇ ನಮ್ಮಮ್ಮನೂ ನಮ್ಮ ಮನೆಯ ಕಿಟಕಿ ಹಾಕುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ, ಸ್ಪೇನ್ ದೇಶದ ವಾಯವ್ಯ ಮೂಲೆಯ ಗಲೀಶಿಯನ್ ಭಾಷೆಯಲ್ಲೂ ಕಿಟಕಿಗೆ ‘ಶನೆಲ’ ಎನ್ನುತ್ತಾರೆ ಎಂದು ಓದಿದೆ. ಅವತ್ತಿನಿಂದ ಈ ಪದ ನನ್ನ ಬೆನ್ನು ಬಿಟ್ಟಿಲ್ಲ. ಸ್ನೇಹಿತರ ಮುಂದೆ ಇದರ ಕಥೆ ಎತ್ತಿದಾಗೆಲ್ಲ ಸುಮಾರು ಇವೇ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಗಲೀಶಿಯನ್ ಅಂದರೆ ಯಾವ ಭಾಷೆ? ಸ್ಪ್ಯಾನಿಷಿನದೇ ಒಂದು ಬಗೆಯಾ?

ಅಲ್ಲ. ಗಲೀಶಿಯನ್ ಬೇರೆಯೇ ಭಾಷೆ. ಅಲ್ಲಿನವರು ಅದನ್ನು ‘ಗಲೆಗೊ’ ಎನ್ನುತ್ತಾರೆ. ಗಲೀಶಿಯ ಪೋರ್ಚುಗಲ್‌ನ ನೆತ್ತಿಯ ಮೇಲೆ ಕೂತ ನಾಡು. ಎರಡು ಕಡೆ ಸಮುದ್ರ, ವರ್ಷದ ಬಹುಪಾಲು ಮಳೆ, ಹಸಿರು ಗುಡ್ಡ, ಮೀನು. ಕರಾವಳಿಯವರಿಗೆ ಫೋಟೊ ನೋಡಿದರೆ ಪರಿಚಯದ ಊರಿನ ಹಾಗೇ ಕಾಣುತ್ತದೆ. ಜನಸಂಖ್ಯೆ ಸುಮಾರು 27 ಲಕ್ಷ. ರಾಜಧಾನಿ ಸಾಂತಿಯಾಗೊ ದೆ ಕೊಂಪೊಸ್ತೆಲ.

ಮಧ್ಯಯುಗದಲ್ಲಿ ಗಲೀಶಿಯನ್ ಮತ್ತು ಪೋರ್ಚುಗೀಸ್ ಎಂಬ ಎರಡು ಭಾಷೆ ಇರಲಿಲ್ಲ. ಮೀಞೊ ನದಿಯ ಆಚೆ ಈಚೆ ಇದ್ದದ್ದು ಒಂದೇ ಮಾತು. 12ನೇ ಶತಮಾನದಲ್ಲಿ ಪೋರ್ಚುಗಲ್ ಬೇರೆ ರಾಜ್ಯವಾಯಿತು. ಗಲೀಶಿಯ ಲೆಯೋನ್, ಕಸ್ತೀಲ್ ಎಂಬ ನೆರೆಯ ರಾಜ್ಯಗಳ ದೊರೆಗಳ ಕೈಯಲ್ಲಿ ಉಳಿಯಿತು. ಒಂದೇ ಮನೆಯ ಇಬ್ಬರು ಅಕ್ಕತಂಗಿಯರನ್ನು ಬೇರೆ ಬೇರೆ ಊರಿಗೆ ಕೊಟ್ಟ ಹಾಗೆ. ಒಬ್ಬಳ ಮಾತು ಹಡಗು ಹತ್ತಿ ಬ್ರೆಜಿಲ್, ಆಫ್ರಿಕಾ, ಗೋವಾ ಎಂದು ಸುತ್ತಿತು. ಇನ್ನೊಬ್ಬಳ ಮಾತು ಹೊಲ, ಹಟ್ಟಿ, ಅಡುಗೆಮನೆಗಳಲ್ಲೇ ಉಳಿಯಿತು. 16ರಿಂದ 18ನೇ ಶತಮಾನದವರೆಗೆ ಗಲೀಶಿಯನ್‌ನಲ್ಲಿ ಬರೆದದ್ದು ಬಹಳ ಕಡಿಮೆ. ಆ ಕಾಲವನ್ನು ಅವರು ‘ಕತ್ತಲ ಶತಮಾನಗಳು’ ಎಂದೇ ಕರೆಯುತ್ತಾರೆ. 1863ರಲ್ಲಿ ರೊಸಾಲಿಯ ದೆ ಕಾಸ್ತ್ರೊ ಎಂಬ ಕವಯಿತ್ರಿ ಆ ಭಾಷೆಯಲ್ಲೇ ಕವನ ಸಂಕಲನ ತಂದರು. ಅಲ್ಲಿಂದ ಬರವಣಿಗೆಗೆ ಮತ್ತೆ ಜೀವ ಬಂತು. ಆ ಪುಸ್ತಕದ ನೆನಪಿಗೆ 1963ರಿಂದ ಮೇ 17 ಗಲೀಶಿಯನ್ ಸಾಹಿತ್ಯದ ದಿನ. ಈಗ ಗಲೀಶಿಯದಲ್ಲಿ ಅದು ಆಡಳಿತ ಭಾಷೆಯೂ ಹೌದು.

ಸರಿ, ‘ಶನೆಲ’ ಪದದ ಮೂಲ ಏನು? ಒಂದೇ ಮಾತಿನಲ್ಲಿ ಹೇಳಿ.

ಪುಟ್ಟ ಬಾಗಿಲು.

ಲ್ಯಾಟಿನ್‌ನಲ್ಲಿ ಮನೆಯ ಬಾಗಿಲಿಗೆ ‘ಯಾನುಅ’ ಎನ್ನುತ್ತಿದ್ದರು. ಅದಕ್ಕೆ ‘ಎಲ್ಲ’ ಎಂಬ ಕೊನೆ ಸೇರಿಸಿದರೆ ಪುಟ್ಟದು ಎಂಬ ಅರ್ಥ ಬರುತ್ತದೆ: ‘ಯನುಎಲ್ಲ’. ಬಾಯಿಂದ ಬಾಯಿಗೆ ಸವೆದು ಗಲೀಶಿಯನ್‌ನಲ್ಲಿ ಅದು ‘ಶನೆಲ’ ಆಯಿತು, ಪೋರ್ಚುಗೀಸಿನಲ್ಲಿ ‘ಜನೆಲ’ ಆಯಿತು.

ಪುಟ್ಟ ಬಾಗಿಲು ಕಿಟಕಿಯಾಗೋದು ಹೇಗೆ? ಬಾಗಿಲಲ್ಲಿ ಜನ ಓಡಾಡುತ್ತಾರೆ, ಕಿಟಕಿಯಲ್ಲಿ ಅಲ್ಲವಲ್ಲ?

ನಮ್ಮ ಕಣ್ಣಿಗೆ ಕಿಟಕಿ ಅಂದರೆ ಗಾಜು. ಅದಕ್ಕೇ ಈ ಅನುಮಾನ. ಗಾಜು ಇಲ್ಲದ ಕಾಲದ ಮನೆಯನ್ನು ಒಮ್ಮೆ ನೆನೆಸಿಕೊಳ್ಳಿ. ದಪ್ಪ ಕಲ್ಲಿನ ಗೋಡೆ, ಅದರಲ್ಲಿ ಒಂದು ಚಿಕ್ಕ ತೆರಪು, ಆ ತೆರಪಿಗೆ ಮರದ ಒಂದು ಹಲಗೆ, ಹಲಗೆಗೆ ತಿರುಗಣಿ, ಒಳಗಿನಿಂದ ಅಗುಳಿ. ಇದು ಬಾಗಿಲೇ ಅಲ್ವಾ? ಅಳತೆ ಮಾತ್ರ ಚಿಕ್ಕದು. ನನ್ನ ಅಜ್ಜಿ ಮನೆಯ ಕಿಟಕಿಗಳೂ ಹೀಗೇ ಇದ್ದವು. ಎರಡು ಮರದ ಕದ, ನಡುವೆ ಕಬ್ಬಿಣದ ಸರಳು. ಕದ ಹಾಕಿದರೆ ಹಗಲಲ್ಲೂ ಕೋಣೆ ಕತ್ತಲೆ. ಅಲ್ಲಿ ‘ಕಿಟಕಿಯ ಬಾಗಿಲು ಹಾಕು’ ಎಂದೇ ಹೇಳುತ್ತಿದ್ದರು.

ಗಲೀಶಿಯದ ಪೂರ್ವದ ಬೆಟ್ಟಗಳಲ್ಲಿ, ಒ ಸೆಬ್ರೆಯ್ರೊ ಮತ್ತು ಅಂಕಾರೆಸ್ ಕಡೆ, ‘ಪಲ್ಯೋಸ’ ಎಂಬ ಹಳೆ ಕಾಲದ ಮನೆಗಳು ಈಗಲೂ ಇವೆ. ಮೊಟ್ಟೆಯಾಕಾರದ ಕಲ್ಲಿನ ಗೋಡೆ, ಮೇಲೆ ಹುಲ್ಲಿನ ಮಾಡು. ಆಗೆಲ್ಲ ಜನ ಒಂದು ಪಾಲಿನಲ್ಲಿ, ದನ ಇನ್ನೊಂದು ಪಾಲಿನಲ್ಲಿ. ಚಳಿ ಒಳಗೆ ನುಗ್ಗದಂತೆ ಗೋಡೆಯಲ್ಲಿ ತೆರಪು ಇಡುವುದೇ ಅಪರೂಪ. ಇಟ್ಟರೂ ಬೊಗಸೆಯಷ್ಟು. ಅಂಥ ಮನೆಯಲ್ಲಿ ಬೆಳೆದವರು ಗೋಡೆಯ ತೆರಪನ್ನು ‘ಪುಟ್ಟ ಬಾಗಿಲು’ ಎಂದರೆ ಅದು ಕವಿತೆ ಅಲ್ಲ. ಕಂಡದ್ದನ್ನು ಕಂಡ ಹಾಗೇ ಹೇಳಿದ್ದು.

ನಮ್ಮ ‘ಕಿಟಕಿ’ಯ ಕಥೆಯೂ ಇದೇ. ಸಂಸ್ಕೃತ ಕೋಶಗಳಲ್ಲಿ ‘ಖಡಕ್ಕಿಕಾ’ ಎಂಬ ಪದವಿದೆ. ಅದರ ಅರ್ಥ ಪಕ್ಕದ ಬಾಗಿಲು, ಮನೆಯವರು ಮಾತ್ರ ಬಳಸುವ ಬಾಗಿಲು. ಹಿಂದಿಯ ಖಿಡ್ಕಿ, ಮರಾಠಿಯ ಖಿಡಕಿ, ನಮ್ಮ ಕಿಟಕಿ ಎಲ್ಲ ಆ ಸಾಲಿನವು. ಅಂದರೆ ಎಷ್ಟೋ ಸಾವಿರ ಮೈಲಿ ದೂರದ ಎರಡು ನಾಡುಗಳಲ್ಲಿ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ಕೆಲಸ ಮಾಡಿದ್ದಾರೆ. ಚಿಕ್ಕ ಬಾಗಿಲಿನ ಹೆಸರನ್ನೇ ಕಿಟಕಿಗೆ ಇಟ್ಟಿದ್ದಾರೆ. ಇದು ತಿಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

‘ಯನುಎಲ್ಲ’ ಅಂತ ಲ್ಯಾಟಿನ್‌ನಲ್ಲಿ ಎಲ್ಲಾದರೂ ಬರೆದಿದ್ದಾರಾ?

ಇಲ್ಲ. ನಿಘಂಟುಗಳಲ್ಲಿ ಈ ಪದದ ಮೊದಲಿಗೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ‘ಇದು ಬರವಣಿಗೆಯಲ್ಲಿ ಸಿಕ್ಕಿದ್ದಲ್ಲ, ಲೆಕ್ಕ ಹಾಕಿ ಕಂಡುಕೊಂಡದ್ದು’ ಎಂದು ಅದರ ಅರ್ಥ. ರೋಮಿನ ಪಂಡಿತರು ಬರೆದ ಲ್ಯಾಟಿನ್ ಒಂದು, ಸಿಪಾಯಿಗಳು, ರೈತರು, ಸಂತೆಯವರು ಆಡಿದ ಲ್ಯಾಟಿನ್ ಇನ್ನೊಂದು. ಗಲೀಶಿಯನ್ ಹುಟ್ಟಿದ್ದು ಎರಡನೆಯದರಿಂದ. ಆ ಮಾತನ್ನು ಯಾರೂ ಕೂತು ಬರೆದಿಡಲಿಲ್ಲ.

ಹಾಗಾದರೆ ಇದು ಬರೀ ಊಹೆ ಅಲ್ವಾ?

ಊಹೆಗೂ ಲೆಕ್ಕಕ್ಕೂ ವ್ಯತ್ಯಾಸ ಇದೆ. ಈ ಪದದಲ್ಲಿ ನನಗೆ ತುಂಬ ಇಷ್ಟವಾದ ಭಾಗವೂ ಇದೇ. ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಎರಡು ಪದ ಕೇಳಲು ಒಂದೇ ತರ ಇದ್ದರೆ ನೆಂಟಸ್ತಿಕೆ ಸಾಬೀತಾಗುವುದಿಲ್ಲ. ದನಿಗಳು ಆ ಭಾಷೆಯಲ್ಲಿ ಯಾವ ಕ್ರಮದಲ್ಲಿ ಬದಲಾದವು ಎಂದು ನೋಡಬೇಕು. ಆ ಕ್ರಮ ಒಂದು ಪದಕ್ಕಲ್ಲ, ಹತ್ತಾರು ಪದಗಳಿಗೆ ಹೊಂದಬೇಕು.

ಮೊದಲ ದನಿ ತೆಗೆದುಕೊಳ್ಳಿ. ಲ್ಯಾಟಿನ್ ಪದದ ಮೊದಲಲ್ಲಿ ‘ಯ’ ಇದ್ದರೆ ಗಲೀಶಿಯನ್‌ನಲ್ಲಿ ‘ಶ’ ಬರುತ್ತದೆ. ‘ಈಗಾಗಲೇ’ ಎನ್ನಲು ಲ್ಯಾಟಿನ್‌ನಲ್ಲಿ ‘ಯಾಮ್’, ಗಲೀಶಿಯನ್‌ನಲ್ಲಿ ‘ಶಾ’. ಆಟಕ್ಕೆ ಅಲ್ಲಿ ‘ಯೋಕುಸ್’, ಇಲ್ಲಿ ‘ಶೋಗೊ’. ಜುಲೈ ತಿಂಗಳು ಅಲ್ಲಿ ‘ಯೂಲಿಉಸ್’, ಇಲ್ಲಿ ‘ಶುಲ್ಯೊ’. ಪೋರ್ಚುಗೀಸ್ ಇದೇ ಜಾಗಗಳಲ್ಲಿ ‘ಜ’ಗೆ ಹತ್ತಿರದ ದನಿ ಇಟ್ಟುಕೊಂಡಿದೆ. ಇಂಗ್ಲಿಷಿನ ‘ಪ್ಲೆಷರ್’ ಪದದ ನಡುವೆ ಬರುತ್ತದಲ್ಲ, ಆ ದನಿ. ಮೊದಲು ಇಬ್ಬರೂ ‘ಯ’ವನ್ನು ‘ಜ’ ಮಾಡಿಕೊಂಡರು. ಆಮೇಲೆ ಗಲೀಶಿಯನ್ನರು ಆ ಜಕಾರದ ಗುಂಯ್‌ಗುಡುವ ದನಿ ಬಿಟ್ಟು ‘ಶ’ಕ್ಕೆ ಬಂದರು.

‘ಯ’ ‘ಜ’ ಆಗುವುದು ನಮಗೇನು ಹೊಸದಲ್ಲ. ಯೌವನ ಜವ್ವನವಾಗಿದೆ. ಯಮ ಜವರಾಯನಾಗಿದ್ದಾನೆ. ಯೋಗಿ ಜೋಗಿಯಾಗಿದ್ದಾನೆ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇಂಥ ಬದಲಾವಣೆಗಳಿಗೆಂದೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ. ಶಾಲೆಯಲ್ಲಿ ತತ್ಸಮ–ತದ್ಭವ ಬಾಯಿಪಾಠ ಮಾಡಿದವರೆಲ್ಲ ಈ ಲೆಕ್ಕವನ್ನು ಗೊತ್ತಿಲ್ಲದೆಯೇ ಕಲಿತಿದ್ದಾರೆ.

ಇನ್ನು ಕೊನೆಯ ‘ಎಲ್ಲ’. ಲ್ಯಾಟಿನ್‌ನ ಒತ್ತು ‘ಲ್ಲ’ ಗಲೀಶಿಯನ್‌ನಲ್ಲಿ ಒಂಟಿ ‘ಲ’ ಆಗುತ್ತದೆ. ಕೋಟೆ ‘ಕಸ್ತೆಲ್ಲುಮ್’ ಇದ್ದದ್ದು ‘ಕಸ್ತೆಲೊ’. ಕುದುರೆ ‘ಕಬಾಲ್ಲುಸ್’ ಇದ್ದದ್ದು ‘ಕಬಾಲೊ’. ಹಾಗೇ ‘ಎಲ್ಲ’ ಇದ್ದದ್ದು ‘ಎಲ’. ಎರಡೂ ತುದಿ ಹೊಂದಿತು.

ಗಲೀಶಿಯನ್‌ನಲ್ಲಿ ನಡುವಿನ ‘ನ’ ಉದುರಿಹೋಗುತ್ತದೆ ಅಂತ ಓದಿದ್ದೇನೆ. ‘ಶನೆಲ’ದಲ್ಲಿ ಯಾಕೆ ಉಳಿಯಿತು?

ತುಂಬ ಒಳ್ಳೆಯ ಪ್ರಶ್ನೆ. ಹೌದು, ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಒಂಟಿ ‘ನ’ ಮತ್ತು ಒಂಟಿ ‘ಲ’ ಗಲೀಶಿಯನ್‌ನಲ್ಲೂ ಪೋರ್ಚುಗೀಸಿನಲ್ಲೂ ಬಿದ್ದುಹೋಗಿವೆ. ಚಂದ್ರನಿಗೆ ಲ್ಯಾಟಿನ್‌ನಲ್ಲಿ ‘ಲೂನ’, ಇಲ್ಲಿ ‘ಲೂಅ’. ಒಳ್ಳೆಯವಳು ಎನ್ನಲು ಅಲ್ಲಿ ‘ಬೊನ’, ಇಲ್ಲಿ ‘ಬೋಅ’. ನೋವು ಅಲ್ಲಿ ‘ದೊಲೋರ್’, ಇಲ್ಲಿ ‘ದೋರ್’. ಆ ಲೆಕ್ಕದಲ್ಲಿ ನಮ್ಮ ಪದ ‘ಶಎಲ’ ಆಗಬೇಕಿತ್ತು.

ಆಗಲಿಲ್ಲ, ಯಾಕೆಂದರೆ ಇಲ್ಲಿನ ‘ನ’ ಒಂಟಿಯಾಗಿರಲಿಲ್ಲ. ‘ಯನುಎಲ್ಲ’ವನ್ನು ಬೇಗ ಬೇಗ ಹೇಳಿ ನೋಡಿ. ‘ನುಎ’ ಎಂಬುದು ‘ನ್ವೆ’ ಆಗುತ್ತದೆ. ಇನ್ನೂ ಬೇಗ ಹೇಳಿದರೆ ‘ನ್ನೆ’. ಒತ್ತು ಬಿದ್ದ ‘ನ್ನ’ ಗಟ್ಟಿ. ಅದು ಉದುರುವ ಬದಲು ಒಂದು ‘ನ’ ಆಗಿ ಉಳಿಯುತ್ತದೆ. ಜನವರಿ ತಿಂಗಳ ಹೆಸರಿನಲ್ಲೂ ಇದೇ ಆಗಿದೆ. ‘ಯಾನುಆರಿಉಸ್’ ಇದ್ದದ್ದು ‘ಶನೆಯ್ರೊ’ ಆಗಿದೆ, ‘ನ’ ಹಾಗೇ ಇದೆ.

ಕನ್ನಡದಲ್ಲೂ ಒತ್ತಕ್ಷರಕ್ಕೆ ಈ ಗಟ್ಟಿತನ ಇದೆ. ಹಳಗನ್ನಡದ ಪಾಲು ಹಾಲಾಯಿತು, ಪೂವು ಹೂವಾಯಿತು. ತುಪ್ಪ ಮಾತ್ರ ತುಪ್ಪವಾಗಿಯೇ ಇದೆ, ಉಪ್ಪು ಉಪ್ಪಾಗಿಯೇ ಇದೆ. ಒಂಟಿ ‘ಪ’ ಸವೆದ ಕಡೆ ಒತ್ತು ‘ಪ್ಪ’ ನಿಂತುಕೊಂಡಿತು.

ನನಗೆ ಅನಿಸುವುದು, ಪದದ ಮೂಲವನ್ನು ನಂಬಬೇಕಾದದ್ದು ಇಂಥ ಜಾಗದಲ್ಲಿ. ನಿಯಮಕ್ಕೆ ಹೊರಗಿದೆ ಎಂದು ಕಂಡದ್ದು ಇನ್ನೊಂದು ನಿಯಮಕ್ಕೆ ಸರಿಯಾಗಿ ಕೂತಾಗ.

ಜನವರಿ ಅಂದಿರಿ. ಜನವರಿಗೂ ಈ ಕಿಟಕಿಗೂ ಸಂಬಂಧ ಇದೆಯಾ?

ಇದೆ. ರೋಮನ್ನರಿಗೆ ಯಾನುಸ್ ಎಂಬ ದೇವರಿದ್ದ. ಎರಡು ಮುಖದವನು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಬಾಗಿಲು, ದಾರಿ, ಆರಂಭ ಎಲ್ಲದಕ್ಕೂ ಅವನೇ ಒಡೆಯ. ಇಂಗ್ಲಿಷಿನಲ್ಲಿ ಜೇನಸ್ ಎನ್ನುವುದು ಅವನನ್ನೇ. ‘ಯಾನುಸ್’ ಎಂಬುದು ಕಮಾನಿನ ದಾರಿಗೂ ಹೆಸರು, ಆ ದೇವರಿಗೂ ಹೆಸರು. ಬಾಗಿಲಿನ ‘ಯಾನುಅ’ ಅದೇ ಮನೆಯ ಪದ. ವರ್ಷದ ಬಾಗಿಲು ತೆರೆಯುವ ತಿಂಗಳಿಗೆ ಆ ದೇವರ ಹೆಸರು. ನಮ್ಮ ಗೋಡೆಯ ಕ್ಯಾಲೆಂಡರಿನ ಜನವರಿ ಅದೇ, ಇಂಗ್ಲಿಷ್ ದಾರಿಯಿಂದ ಬಂದದ್ದು. ಅಪಾರ್ಟ್‌ಮೆಂಟುಗಳ ‘ಜಾನಿಟರ್’ ಕೂಡ ಮೂಲದಲ್ಲಿ ಬಾಗಿಲು ಕಾಯುವವನೇ.

ಯಾನುಸ್ ದೇವರ ಗುಡಿಗೆ ಒಂದು ರೂಢಿ ಇತ್ತು. ಯುದ್ಧ ನಡೆಯುವಾಗ ಬಾಗಿಲು ತೆರೆದಿರಬೇಕು, ಎಲ್ಲ ಕಡೆ ಶಾಂತಿ ಇದ್ದರೆ ಮಾತ್ರ ಮುಚ್ಚಬೇಕು. ಮುಚ್ಚುವ ದಿನ ಬರುತ್ತಿದ್ದದ್ದೇ ಅಪರೂಪ. ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ಮೂರು ಸಲ ಮುಚ್ಚಿದರು. ಅದರಲ್ಲಿ ಒಂದು ಸಲ, ಕ್ರಿಸ್ತಪೂರ್ವ 25ರಲ್ಲಿ, ಸ್ಪೇನಿನ ಉತ್ತರದ ಯುದ್ಧ ಗೆದ್ದೆವು ಎಂದುಕೊಂಡು ಮುಚ್ಚಿದ್ದು. ಯುದ್ಧ ಮುಗಿದಿರಲಿಲ್ಲ, ಕ್ರಿಸ್ತಪೂರ್ವ 19ರವರೆಗೂ ನಡೆಯಿತು. ಆ ಯುದ್ಧಗಳ ಬೆನ್ನಿಗೇ ಲ್ಯಾಟಿನ್ ಆ ಮೂಲೆಯಲ್ಲಿ ಬೇರು ಬಿಟ್ಟಿತು. ಗಲೀಶಿಯಕ್ಕೆ ಬಾಗಿಲಿನ ಪದ ಬಂದದ್ದು ರೋಮನ್ನರ ಜೊತೆ.

ಲ್ಯಾಟಿನ್‌ಗಿಂತ ಹಿಂದೆ ಹೋಗಬಹುದಾ?

ಹೋಗಬಹುದು. ಅಲ್ಲಿ ನಮಗೆ ಪರಿಚಯದ ಮುಖಗಳು ಸಿಗುತ್ತವೆ.

ಲ್ಯಾಟಿನ್ ಮತ್ತು ಸಂಸ್ಕೃತ ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ಆ ಕುಟುಂಬದಲ್ಲಿ ‘ಹೋಗು’ ಎಂಬ ಅರ್ಥದ ಒಂದು ಹಳೆಯ ಧಾತು ಇದೆ. ಸಂಸ್ಕೃತದಲ್ಲಿ ಅದು ‘ಯಾ’. ಅದರಿಂದ ಬಂದದ್ದೇ ಯಾನ, ಯಾತ್ರೆ, ಪ್ರಯಾಣ. ಲ್ಯಾಟಿನ್‌ನಲ್ಲಿ ಅದೇ ಧಾತುವಿನಿಂದ ‘ಯಾನುಸ್’, ಅಂದರೆ ಹೋಗುವ ಜಾಗ, ಹಾದುಹೋಗುವ ದಾರಿ. ಸಂಸ್ಕೃತದ ‘ಯಾನ’ವನ್ನೂ ಲ್ಯಾಟಿನ್‌ನ ‘ಯಾನುಸ್’ ಅನ್ನೂ ಕನ್ನಡದಲ್ಲಿ ಬರೆದು ಪಕ್ಕಪಕ್ಕ ಇಟ್ಟು ನೋಡಿ, ಹೆಚ್ಚು ಹೇಳುವುದೇ ಬೇಡ.

ಈಗ ಪೂರ್ತಿ ದಾರಿ ನೋಡಿ. ಹೋಗುವುದು ಎಂಬ ಕೆಲಸ ಹೋಗುವ ದಾರಿಯಾಯಿತು. ದಾರಿ ಬಾಗಿಲಾಯಿತು. ಬಾಗಿಲು ಪುಟ್ಟದಾಯಿತು. ಪುಟ್ಟ ಬಾಗಿಲು ಕಿಟಕಿಯಾಯಿತು.

ಇನ್ನೊಂದು ವಿಷಯ ಇದೆ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ ಎನ್ನುತ್ತದೆ. ಸಂಸ್ಕೃತದ ಯಾತ್ರೆ ಪ್ರಾಕೃತದ ಬಾಯಲ್ಲಿ ‘ಯ’ ಬಿಟ್ಟು ‘ಜ’ ಹಿಡಿದು ನಮ್ಮಲ್ಲಿ ಜಾತ್ರೆಯಾಯಿತು. ಅತ್ತ ಲ್ಯಾಟಿನ್‌ನ ‘ಯನುಎಲ್ಲ’ವೂ ‘ಯ’ ಬಿಟ್ಟು ‘ಜ’ ಹಿಡಿದು ‘ಜನೆಲ’ವಾಯಿತು. ಒಂದೇ ಧಾತು, ಒಂದೇ ಬಗೆಯ ಬದಲಾವಣೆ. ನಡುವೆ ಒಂದು ಇಡೀ ಭೂಖಂಡ, ಯಾರಿಗೂ ಯಾರ ಸುದ್ದಿಯೂ ಇಲ್ಲ. ನಮ್ಮೂರ ಕಡೆ ಜಾತ್ರೆಗೆ ಹೊರಟವರನ್ನು ಬಾಯಮ್ಮ ಜನೆಲಿನಲ್ಲಿ ನಿಂತು ನೋಡುತ್ತಿದ್ದರಲ್ಲ, ಆ ನೋಟದ ಎರಡು ಪದಗಳೂ ದೂರದ ದಾಯಾದಿಗಳು.

ಅಂದರೆ ಕನ್ನಡವೂ ಗಲೀಶಿಯನ್ನೂ ಒಂದೇ ಕುಟುಂಬದ ಭಾಷೆಗಳಾ?

ಅಲ್ಲ, ಹಾಗೆ ತಿಳಿಯಬೇಡಿ. ಕನ್ನಡ ದ್ರಾವಿಡ ಭಾಷೆ. ಯಾನ, ಯಾತ್ರೆ, ಜಾತ್ರೆ ನಾವು ಸಂಸ್ಕೃತ, ಪ್ರಾಕೃತದಿಂದ ಪಡೆದವು. ನೆಂಟಸ್ತಿಕೆ ಇರುವುದು ಆ ಪದಗಳಿಗೆ.

ಗಲೀಶಿಯದಲ್ಲಿ ಎಲ್ಲರೂ ‘ಶನೆಲ’ ಎಂದೇ ಹೇಳುತ್ತಾರಾ?

ಇಲ್ಲ. ಅಲ್ಲಿ ಕಿಟಕಿಗೆ ಇನ್ನೂ ಎರಡು ಪದ ಬಳಕೆಯಲ್ಲಿವೆ. ಒಂದು ‘ಫಿಯೆಸ್ತ್ರ’, ಇದು ಬಹಳ ಬಳಕೆಯಲ್ಲಿದೆ. ಲ್ಯಾಟಿನ್‌ನಲ್ಲಿ ಕಿಟಕಿಗೆ ಇದ್ದ ಸರಿಯಾದ ಪದ ‘ಫೆನೆಸ್ತ್ರ’. ಅದರ ನಡುವಿನ ಒಂಟಿ ‘ನ’ ನಿಯಮದಂತೆ ಉದುರಿ ‘ಫೆಎಸ್ತ್ರ’, ಆಮೇಲೆ ‘ಫಿಯೆಸ್ತ್ರ’. ಇಟಲಿಯವರ ‘ಫಿನೆಸ್ತ್ರ’, ಜರ್ಮನರ ‘ಫೆನ್‌ಸ್ಟರ್’ ಎಲ್ಲ ಇದೇ ಪದದಿಂದ. ಪೋರ್ಚುಗೀಸಿನಲ್ಲಿ ಈ ಪದ ಸೊರಗಿ ‘ಫ್ರೆಸ್ತ’ ಆಗಿ, ಬಿರುಕು, ಸಂದು ಎಂಬ ಅರ್ಥಕ್ಕೆ ಇಳಿದುಬಿಟ್ಟಿದೆ. ಕಿಟಕಿಯ ಜಾಗವನ್ನು ‘ಜನೆಲ’ ಪೂರ್ತಿ ಹಿಡಿದುಕೊಂಡಿತು. ಗಲೀಶಿಯದಲ್ಲಿ ಎರಡೂ ಬದುಕಿವೆ.

ಇನ್ನೊಂದು ‘ಬೆಂತಾ’. ಗಾಳಿಗೆ ಅವರ ಪದ ‘ಬೆಂತೊ’. ಗಾಳಿ ಬರುವ ಜಾಗ ಬೆಂತಾ. ಸ್ಪ್ಯಾನಿಷಿನ ‘ಬೆಂತಾನ’ವೂ ಇದೇ ಬಗೆಯದು.

ಇದನ್ನೆಲ್ಲ ನೋಡುವಾಗ ಕಿಟಕಿಗೆ ಜನ ಎಷ್ಟು ಬಗೆಯಲ್ಲಿ ಹೆಸರಿಟ್ಟಿದ್ದಾರೆ ಎಂದು ಬೆರಗಾಗುತ್ತದೆ. ಕೆಲವರಿಗೆ ಅದು ಕಣ್ಣು. ಗವಾಕ್ಷ ಅಂದರೆ ಹಸುವಿನ ಕಣ್ಣು. ಇಂಗ್ಲಿಷಿನ ವಿಂಡೋ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಅದರ ಅರ್ಥ ಗಾಳಿಯ ಕಣ್ಣು. ಕೆಲವರಿಗೆ ಅದು ಗಾಳಿಯ ದಾರಿ, ಸಂಸ್ಕೃತದ ವಾತಾಯನದ ಹಾಗೆ. ಕನ್ನಡದ ಬೆಳಕಿಂಡಿ ಬೆಳಕಿನ ಕಿಂಡಿ. ಉಡುಪಿಯ ಕನಕನ ಕಿಂಡಿ ಗೊತ್ತಿರುವವರಿಗೆ ‘ಕಿಂಡಿ’ ಎಂಬ ಪುಟ್ಟ ಪದದ ತೂಕ ಬೇರೆ ಹೇಳಬೇಕಿಲ್ಲ. ಗಲೀಶಿಯದವರು ಒಂದು ಪದದಲ್ಲಿ ಗಾಳಿ ಇಟ್ಟರು, ಇನ್ನೊಂದರಲ್ಲಿ ಬಾಗಿಲು ಇಟ್ಟರು.

ಪುಟ್ಟದಕ್ಕೆ ಇದ್ದ ಪದ ಎಲ್ಲದಕ್ಕೂ ಹೆಸರಾಗೋದು ಅಲ್ಲಿ ಮಾಮೂಲಾ?

ತುಂಬ ಮಾಮೂಲು. ಕಿವಿಗೆ ಅವರು ‘ಒರೆಲ್ಯ’ ಎನ್ನುತ್ತಾರೆ, ಮೂಲದಲ್ಲಿ ಅದು ‘ಪುಟ್ಟ ಕಿವಿ’. ಜೇನುನೊಣ ‘ಅಬೆಲ್ಯ’, ಮೂಲದಲ್ಲಿ ‘ಪುಟ್ಟ ಜೇನುನೊಣ’. ಗಲೀಶಿಯದ ಊರುಗಳ ಪಟ್ಟಿ ನೋಡಿದರೆ ‘ಪೊರ್ತೆಲ’ ಎಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಅದೂ ಪುಟ್ಟ ಬಾಗಿಲೇ, ಬಾಗಿಲಿನ ಇನ್ನೊಂದು ಪದ ‘ಪೊರ್ತ’ದಿಂದ ಬಂದದ್ದು. ಅಲ್ಲಿ ಅದು ಕಿಟಕಿಯಾಗಲಿಲ್ಲ, ಎರಡು ಬೆಟ್ಟಗಳ ನಡುವಿನ ಕಣಿವೆದಾರಿಯಾಯಿತು.

ನಿಜವಾಗಿಯೂ ಚಿಕ್ಕ ಕಿಟಕಿಯನ್ನು ಮುದ್ದಾಗಿ ಕರೆಯಬೇಕಾದರೆ ಈಗ ‘ಶನೆಲಿಞ’ ಎನ್ನುತ್ತಾರೆ. ಪುಟ್ಟದರ ಮೇಲೆ ಇನ್ನೊಂದು ಪುಟ್ಟದು!

ದೊಡ್ಡ ‘ಯಾನುಅ’ ಎಲ್ಲಿ ಹೋಯಿತು?

ಹೆಚ್ಚಿನ ಕಡೆ ‘ಪೊರ್ತ’ ಅದನ್ನು ಓಡಿಸಿತು. ಸಾರ್ಡೀನಿಯ ದ್ವೀಪದಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಅಲ್ಲಿ ‘ಜನ್ನ’, ‘ಜೆನ್ನ’ ಅಂದರೆ ಈಗಲೂ ಬಾಗಿಲು. ಆ ದ್ವೀಪದ ದೊಡ್ಡ ಬೆಟ್ಟಸಾಲು ಜೆನ್ನಾರ್ಜೆಂತು. ಅದಕ್ಕೆ ‘ಬೆಳ್ಳಿಯ ಬಾಗಿಲು’ ಎಂದು ಅರ್ಥ ಹೇಳುತ್ತಾರೆ.

ಕರಾವಳಿಗೆ ಈ ಪದ ತಂದವರು ಗಲೀಶಿಯದವರಾ?

ಅಲ್ಲ, ಪೋರ್ಚುಗೀಸರು. ವಾಸ್ಕೊ ಡ ಗಾಮ ಕಲ್ಲಿಕೋಟೆ ಬಳಿ ಇಳಿದದ್ದು 1498ರಲ್ಲಿ. ಗೋವಾ ಅವರ ಕೈಸೇರಿದ್ದು 1510ರಲ್ಲಿ. ಗೋವಾದ ಕೊಂಕಣಿಗೆ ಪೋರ್ಚುಗೀಸ್ ಪದಗಳು ಮನೆಕಟ್ಟು, ಅಡುಗೆ, ಚರ್ಚು ಈ ದಾರಿಗಳಲ್ಲಿ ಬಂದವು. ಅಲ್ಲಿಂದ ತೆಂಕಣಕ್ಕೆ ಬಂದು ನೆಲೆಸಿದ ಕುಟುಂಬಗಳು ಪದಗಳನ್ನೂ ಹೊತ್ತು ತಂದವು. ಬಾಯಮ್ಮನ ‘ಜನೆಲ್’ ಹೀಗೆ ನಮ್ಮ ಬೇಲಿಯ ಆಚೆಗೆ ಬಂತು. ಗೋವಾದ ಹಳೆ ಮನೆಗಳಲ್ಲಿ ಜನೆಲಿಗೆ ಗಾಜಿನ ಬದಲು ಒಂದು ಬಗೆಯ ಚಿಪ್ಪು ಹಾಕುತ್ತಿದ್ದರು. ತೆಳ್ಳಗೆ, ಅಂಗೈ ಅಗಲಕ್ಕೆ ಕತ್ತರಿಸಿ ಮರದ ಪಟ್ಟಿಗಳ ನಡುವೆ ಸಾಲಾಗಿ ಕೂರಿಸಿದ್ದು. ಹೊರಗಿನದು ಏನೂ ಕಾಣುವುದಿಲ್ಲ, ಆದರೆ ಬಿಸಿಲು ಹಾಲಿನ ಬಣ್ಣದಲ್ಲಿ ಒಳಗೆ ಇಳಿಯುತ್ತದೆ.

ನಮ್ಮಲ್ಲಿ ಅಷ್ಟೇ ಅಲ್ಲ. ತಮಿಳಿನಲ್ಲಿ ಜನ್ನಲ್, ಮಲಯಾಳದಲ್ಲಿ ಜನಲ್, ಬಂಗಾಳಿಯಲ್ಲಿ ಜಾನಾಲಾ, ಸಿಂಹಳದಲ್ಲಿ ಜನೇಲಯ, ಇಂಡೋನೇಷ್ಯದಲ್ಲಿ ಜೆಂದೆಲ. ಹಡಗು ನಿಂತ ಕಡೆಯೆಲ್ಲ ಕಿಟಕಿ ತೆರೆದಿದೆ. ಬರವಣಿಗೆಯ ಕನ್ನಡ ಮಾತ್ರ ತನ್ನ ಕಿಟಕಿಯನ್ನೇ ಇಟ್ಟುಕೊಂಡಿತು.

ಕನ್ನಡಕ್ಕೆ ಆ ಕಡೆಯಿಂದ ಬೇರೆ ಪದ ಬಂದಿಲ್ಲವಾ?

ಬಂದಿವೆ. ಕಿಟಕಿ ಬಿಟ್ಟರೂ ಚಾವಿ ತೆಗೆದುಕೊಂಡೆವು! ಲ್ಯಾಟಿನ್‌ನಲ್ಲಿ ಬೀಗದಕೈಗೆ ‘ಕ್ಲಾವೆಮ್’. ಪದದ ಮೊದಲ ‘ಕ್ಲ’ ಗಲೀಶಿಯನ್, ಪೋರ್ಚುಗೀಸ್ ಎರಡರಲ್ಲೂ ‘ಚ’ ಆಯಿತು. ಗಲೀಶಿಯದಲ್ಲಿ ಅದು ‘ಚಾಬೆ’. ನಮ್ಮಲ್ಲಿ ಉತ್ತರ ಕರ್ನಾಟಕದ ಕಡೆ ಚಾವಿ, ಹಿಂದಿಯಲ್ಲಿ ಚಾಬಿ. ಕರಾವಳಿಯಲ್ಲಿ ಚರ್ಚಿಗೆ ಇಗರ್ಜಿ ಎನ್ನುತ್ತೇವಲ್ಲ, ಅದು ಗಲೀಶಿಯದಲ್ಲಿ ‘ಇಗ್ರೆಶ’.

ಎದುರು ದಿಕ್ಕಿನಲ್ಲಿ ಹೋದ ಪದವೂ ಇದೆ. ಕಿತ್ತಳೆಗೆ ಗಲೀಶಿಯನ್‌ನಲ್ಲಿ ‘ಲರಂಶ’. ಅದು ಅರಬ್ಬಿ, ಪಾರಸಿ ದಾರಿಯಲ್ಲಿ ಸಂಸ್ಕೃತದ ‘ನಾರಂಗ’ದಿಂದ ಹೋದದ್ದು. ನಾರಂಗದ ಬೇರು ದ್ರಾವಿಡದಲ್ಲಿದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ.

‘ಜಾಲ’, ‘ಜಾಲಂಧ್ರ’ ಪದಗಳಿಂದಲೇ ಜನೆಲ ಬಂದಿರಬಹುದಲ್ಲ?

ಇಲ್ಲ. ನಮ್ಮ ದೇವಸ್ಥಾನಗಳ ಗೋಡೆಯ ಜಾಲಂಧ್ರವೂ ಕಿಟಕಿಯೇ, ‘ಜ’ದಿಂದಲೇ ಶುರುವಾಗುತ್ತದೆ. ಹಾಗಾಗಿ ಈ ಆಸೆ ಸಹಜ. ಆದರೆ ಜಾಲಕ್ಕೆ ಮೊದಲಿನಿಂದಲೂ ‘ಜ’. ಶನೆಲದ ‘ಶ’ ಬಂದದ್ದು ‘ಯ’ದಿಂದ. ಹೋಲಿಕೆ ಸುಮ್ನೆ ಹೊರಗಿನದು. ಎಲ್ಲವೂ ನಮ್ಮಿಂದಲೇ ಹೋಯಿತು ಎಂದು ಹೇಳುವ ಅವಸರದಲ್ಲಿ ಜಾತ್ರೆಯಂಥ ನಿಜವಾದ ನೆಂಟಸ್ತಿಕೆ ಕಣ್ಣಿಗೇ ಬೀಳುವುದಿಲ್ಲ. ನನಗೆ ಬೇಸರವಾಗುವುದು ಅಲ್ಲಿ.

ಗಲೀಶಿಯದವರಲ್ಲೂ ಇಂಥ ಆಸೆ ಇದೆ, ಅಲ್ಲಿ ಅದು ಸೆಲ್ಟಿಕ್ ಮೂಲದ ಮೇಲೆ, ಅಂದರೆ ಪಶ್ಚಿಮ ಯುರೋಪಿನ ಹಳೆಯ ಸೆಲ್ಟ್ ಜನರ ಭಾಷೆಗಳ ಮೇಲೆ. ರೋಮನ್ನರಿಗಿಂತ ಹಿಂದಿನ ಪದಗಳು ಅಲ್ಲಿ ಉಳಿದಿರುವುದು ನಿಜ. ಓಕ್ ಮರದ ಹೆಸರು ‘ಕರ್ಬಾಲ್ಯೊ’ ಅಂಥದ್ದು. ಶನೆಲ ಮಾತ್ರ ಅಪ್ಪಟ ಲ್ಯಾಟಿನ್.

‘ಶ’ ಬರೆಯಬೇಕಾ, ‘ಜ’ ಬರೆಯಬೇಕಾ ಅಂತ ಅಲ್ಲಿ ಜಗಳ ಇದೆಯಂತೆ?

ಇದೆ. 1982ರಲ್ಲಿ ಒಪ್ಪಿದ ಅಧಿಕೃತ ಬರಹಕ್ರಮದಲ್ಲಿ ಈ ದನಿಗೆ ಎಕ್ಸ್ ಅಕ್ಷರ. ನಮ್ಮದು ಪೋರ್ಚುಗೀಸಿನ ಜೊತೆಗಿನ ಭಾಷೆ, ಅವರ ಹಾಗೇ ಜೆ ಅಕ್ಷರ ಬರೆಯೋಣ ಎನ್ನುವ ಒಂದು ಗುಂ‍ಪೂ ಇದೆ. ಅಕ್ಷರ ಯಾವುದಾದರೂ ಬಾಯಲ್ಲಿ ಬರುವುದು ‘ಶ’ ಎಂದೇ. ಹೇಳುವಾಗ ನಡುವಿನ ‘ನೆ’ ಮೇಲೆ ಒತ್ತು ಕೊಡಿ, ‘ಎ’ ಸ್ವಲ್ಪ ಬಾಯಿ ಬಿಟ್ಟು ಹೇಳಿ: ಶ-ನೆ-ಲ.

ಗಲೀಶಿಯಕ್ಕೆ ಹೋದರೆ ಈ ಪದಕ್ಕಾಗಿ ಏನು ನೋಡಬೇಕು?

ಎರಡು ಊರು. ಮೊದಲನೆಯದು ಲುಗೊ. ರೋಮನ್ನರು ಕಟ್ಟಿದ ಕೋಟೆಗೋಡೆ ಊರಿನ ಸುತ್ತ ಪೂರ್ತಿಯಾಗಿ ಇನ್ನೂ ನಿಂತಿದೆ. ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ, ಮೇಲೆಯೇ ನಡೆದು ಒಂದು ಸುತ್ತು ಬರಬಹುದು. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹತ್ತು ಬಾಗಿಲುಗಳಿವೆ, ಅದರಲ್ಲಿ ಐದು ಮೂಲದವು. ಎಲ್ಲದಕ್ಕೂ ಹೆಸರು ‘ಪೊರ್ತ’. ‘ಯಾನುಅ’ದ ಕಾಲದ ಗೋಡೆಯಲ್ಲೇ ಆ ಪದ ಉಳಿದಿಲ್ಲ.

ಎರಡನೆಯದು ಅ ಕೊರುಞ. ಬಂದರಿನ ಎದುರು ಸಾಲುಮನೆಗಳಿವೆ, 19ನೇ ಶತಮಾನದವು. ಪ್ರತಿ ಮಹಡಿಯ ಮುಂದೆ ಬಿಳಿ ಬಣ್ಣದ ಮರದ ಚೌಕಟ್ಟು, ಚೌಕಟ್ಟಿನ ತುಂಬ ಚಿಕ್ಕ ಚಿಕ್ಕ ಗಾಜು, ನೆಲಮಟ್ಟ ಬಿಟ್ಟರೆ ಗೋಡೆಯೇ ಕಾಣುವುದಿಲ್ಲ. ಅದಕ್ಕೆ ‘ಗಲೆರಿಅ’ ಎನ್ನುತ್ತಾರೆ. ಅಟ್ಲಾಂಟಿಕ್ ಕಡಲಿನ ಗಾಳಿಮಳೆ ತಡೆಯಬೇಕು, ಸಿಗುವ ಸ್ವಲ್ಪ ಬಿಸಿಲೂ ಒಳಗೆ ಬರಬೇಕು, ಅದಕ್ಕೆ ಕಂಡುಕೊಂಡ ಉಪಾಯ. ಇದರಿಂದಲೇ ಅದು ‘ಗಾಜಿನ ಊರು’. ಸಂಜೆ ಬಿಸಿಲು ಬಿದ್ದಾಗ ಇಡೀ ಸಾಲು ಮಿನುಗುತ್ತದೆ. ಮಳೆ ಹನಿದರೆ ಒಂದೊಂದೇ ಚೌಕ ಕೆಳಗಿಳಿದು ಮುಚ್ಚಿಕೊಳ್ಳುತ್ತದೆ.